ಮಗಳಿಗೊಂದು ಪತ್ರ: ನಿನ್ನ ರೂಮು ಇನ್ನು ಅಜ್ಜಿಗೆ

ಪುಟ್ಟಿ,

ಫೋನಿನಲ್ಲಿ ಅರ್ಧಂಬರ್ಧ ಹೇಳುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೆಳಗಿನ ನಿನ್ನ ರೂಮನ್ನು ಅಜ್ಜಿಗೆ ಕೊಡೋಣ ಅಂತ ನಾನೂ ಅಪ್ಪನೂ ತೀರ್ಮಾನ ಮಾಡಿದ್ದೇವೆ. ಅಜ್ಜಿಯ ಕಣ್ಣಿನ ಪೊರೆ ಬಲಿತಿದೆ, ಸಂಕ್ರಾಂತಿ ಕಳೆದ ಮೇಲೆ ಆಪರೇಷನ್. ಕಣ್ಣು ಮಂಜಾಗಿರುವಾಗ ರಾತ್ರಿ ಮೆಟ್ಟಿಲಿಳಿದು ಹಿತ್ತಲ ಬಚ್ಚಲಿಗೆ ಹೋಗುವುದು ಇನ್ನು ಬೇಡ. ನಿನ್ನ ರೂಮಿಗಾದರೆ ಬಾತ್‌ರೂಮ್ ಅಲ್ಲೇ ಇದೆ ಅಲ್ವಾ.

ಇವತ್ತು ಇಡೀ ದಿನ ಇದೇ ಓಡಾಟ. ಆಪರೇಷನ್‌ಗೆ ಮುಂಚೆ ಶುಗರ್ ರಿಪೋರ್ಟ್ ಬೇಕಂತೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಮನೆಗೆ ಬಂದು ತಿಂಡಿ ತಿಂದು, 2 ಗಂಟೆ ಬಿಟ್ಟು ಮತ್ತೆ ಹೋಗಬೇಕು. 3 ತಿಂಗಳ ಸರಾಸರಿ ತೋರಿಸುವ ಟೆಸ್ಟೂ ಇತ್ತು. ದೀಪಾವಳಿಗೆ ತಿಂದ ಹೋಳಿಗೆ ಅದರಲ್ಲಿ ಗೊತ್ತಾಗುತ್ತಾ ಅಂತ ಅಜ್ಜಿ ಆಟೋದಲ್ಲಿ ಮೆಲ್ಲಗೆ ಕೇಳಿದರು.

ಆ ಎರಡು ಗಂಟೆಯಲ್ಲೇ ಅವರೆ ಹಿತುಕಿ ಮುಗಿಸಿದರು ನೋಡು. ದೇವರಾಜ ಮಾರ್ಕೆಟ್‌ನಲ್ಲಿ ಈಗ ಸೊಗಡಿನ ಕಾಯಿ ರಾಶಿ ರಾಶಿ ಬಂದಿದೆ. ಕಾಳು ಬಿಡಿಸಿ ನಿನ್ನೆ ರಾತ್ರಿ ನೆನೆಹಾಕಿದ್ದೆ. ಅಜ್ಜಿಗೆ ಇದಕ್ಕೆ ಕಣ್ಣೇ ಬೇಡ. ಹೆಬ್ಬೆರಳು, ತೋರುಬೆರಳ ಮಧ್ಯೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಹುಳ ಹಿಡಿದ ಕಾಳು ಬೆರಳಿಗೆ ಸಿಕ್ಕ ಕೂಡಲೇ ಗೊತ್ತಾಗಿ ಪಕ್ಕಕ್ಕೆ ಎಸೆಯುತ್ತಾರೆ. ನಿನಗೆ ಪುಣೆಯಲ್ಲಿ ಅವರೆ ಸಿಕ್ಕರೆ ನೆನಪಿಟ್ಟುಕೋ, ಬೇಳೆಯನ್ನು ಕುಕ್ಕರಿಗೆ ಹಾಕಬೇಡ, ಕರಗಿಹೋಗುತ್ತೆ. ಅಗಲ ಪಾತ್ರೆಯಲ್ಲಿ ಬೇಯಿಸು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಧನಿಯ ಹುರಿದು, ತೆಂಗಿನಕಾಯಿ ಜೊತೆ ರುಬ್ಬಿ ಹಾಕು. ಆಮೇಲೆ ಸೌಟಿನಿಂದ ಜಾಸ್ತಿ ತಿರುವಬೇಡ.

ಮಧ್ಯಾಹ್ನ ನಿನ್ನ ರೂಮಿನ ಬಾತ್‌ರೂಮ್ ಕೆಲಸಕ್ಕೆ ಮೇಸ್ತ್ರಿ ಬಂದರು. ನೀನು ಕಳಿಸಿದ ಫೋಟೋದ ಟೈಲ್ಸ್ ಮಿರಮಿರ ಮಿಂಚುತ್ತೆ, ನೋಡೋಕೆ ಚಂದ, ಆದರೆ ನೀರು ಬಿದ್ದರೆ ಜಾರುತ್ತೆ ಪುಟ್ಟಿ. ಒರಟು ಮೈಯ ಮ್ಯಾಟ್ ಟೈಲ್ಸೇ ಹಾಕಿಸುತ್ತೇವೆ, ಗೋಡೆಗೆ ಬೇಕಾದರೆ ನಿನ್ನದು ಹಾಕಿಸೋಣ. ಬಾಗಿಲನ್ನು ಹೊರಗಡೆಗೆ ತೆರೆಯುವ ಹಾಗೆ ತಿರುಗಿಸಲು ಹೇಳಿದ್ದೇವೆ, ಒಳಗೆ ಯಾರಾದರೂ ಬಿದ್ದರೆ ಬಾಗಿಲಿಗೆ ಅಡ್ಡ ಬಿದ್ದಿರುತ್ತಾರೆ, ತಳ್ಳೋಕಾಗಲ್ಲ. ಕೈಗೆ ಆಸರೆಯಾಗಿ ಸ್ಟೀಲ್ ಕಂಬಿ ಬೇಕು, ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟಿಸುವುದಲ್ಲ, ಗೋಡೆ ಕೊರೆದು ಬೋಲ್ಟ್ ಹಾಕುವಂಥದ್ದು. ಎಷ್ಟು ಎತ್ತರಕ್ಕೆ ಅಂತ ಮೇಸ್ತ್ರಿ ಕೇಳಿದಾಗ ಅಪ್ಪ ಅಜ್ಜಿಯನ್ನೇ ಕಮೋಡ್ ಮೇಲೆ ಕೂರಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಮೇಸ್ತ್ರಿಯ ಟೇಪು ಹೇಳಿದ್ದಕ್ಕಿಂತ ಆ ಗೆರೆ ಕೆಳಗಿದೆ. ಅಜ್ಜಿ ಗಿಡ್ಡ ಅಲ್ವಾ, ಅದೇ ಸರಿ.

ಸಂಜೆ ಕಣ್ಣಿನ ಡಾಕ್ಟರು. ಹನಿ ಹಾಕಿ ಪಾಪೆ ದೊಡ್ಡದು ಮಾಡಿ ನೋಡಿದರು. ಬರುವಾಗ ಎದುರು ಗಾಡಿಗಳ ಲೈಟು ತಡೆಯಲಾಗದೆ ಅಜ್ಜಿ ಮುಖಕ್ಕೆ ಸೆರಗು ಮುಚ್ಚಿ ನನ್ನ ತೋಳು ಹಿಡಿದು ಕೂತಿದ್ದರು. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಕಣ್ಣಿಗೆ ನೀರು, ಧೂಳು ತಾಗಬಾರದು, ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಬೇಕು. ಹಾಗಾಗಿ ಒಡೆಯುವ, ಕೊರೆಯುವ ಕೆಲಸ ಎಲ್ಲ ಮೊದಲೇ ಮುಗಿಯಬೇಕು. ನನಗೆ ಅವಸರ ಇರುವುದು ಇದಕ್ಕೇ.

ರೂಮು ಹೋಯಿತು ಅಂತ ನಿನಗೆ ಬೇಜಾರಾದರೆ ಹೇಳಿಬಿಡು, ಮನಸ್ಸಲ್ಲಿ ಇಟ್ಟುಕೊಳ್ಳಬೇಡ. ಮಂಚ ಅಲ್ಲೇ ಇರುತ್ತೆ, ಪಕ್ಕಕ್ಕೆ ಇನ್ನೊಂದು ಹಾಕಿಸುತ್ತೇವೆ, ಬಂದಾಗ ಅಜ್ಜಿ ಜೊತೆ ಮಲಗು. ಪುಸ್ತಕಗಳನ್ನು ಮಹಡಿ ಮೇಲಿನ ಬೀರುವಿಗೆ ಸಾಗಿಸುತ್ತೇನೆ. ಕಪಾಟಿನ ಕೆಳಗಿನ ಎರಡು ರಟ್ಟಿನ ಡಬ್ಬ ಮಾತ್ರ ನಾನು ತೆರೆದಿಲ್ಲ, ಅದನ್ನು ಏನು ಮಾಡಲಿ ಅಂತ ಭಾನುವಾರದೊಳಗೆ ಹೇಳು. ಸೋಮವಾರ ಹಳೇ ಟೈಲ್ಸ್ ಒಡೆಯೋಕೆ ಬರುತ್ತಾರೆ.

ಅಮ್ಮ