ಹೆಜ್ಜೆ ಸದ್ದಿನಿಂದ ಶುರು ಮಾಡು

ಚಿ. ಅಭಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಓದು ಮುಗಿದ ಮೇಲೆ ಗೇಮ್‌ಗಳಿಗೆ ಸೌಂಡ್ ಮಾಡುವ ಕೆಲಸಕ್ಕೇ ಹೋಗುತ್ತೇನೆ ಅಂತ ನೀನು ಹಟ ಹಿಡಿದಿದ್ದೀಯಂತೆ, ಅಕ್ಕ ಹೇಳಿದಳು. ನನಗೆ ಖುಷಿಯಾಯಿತು. ಆದರೆ ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಮೈಕು, ಸ್ಪೀಕರು, ಕೀಬೋರ್ಡು, ಎಲ್ಲ ಸೇರಿ ಲಕ್ಷ ದಾಟುತ್ತದೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡು. ಅಪ್ಪನ ಹತ್ತಿರ ಅಷ್ಟು ದುಡ್ಡು ಕೇಳುವ ಮೊದಲು ಈ ಕೆಲಸ ಏನು ಅಂತ ತಿಳಿದುಕೋ.

ಸಿನಿಮಾದಲ್ಲಿ ಬಾಗಿಲು ಯಾವ ಕ್ಷಣಕ್ಕೆ ತೆರೆಯುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಸದ್ದನ್ನು ಅಲ್ಲಿಗೆ ಕೂರಿಸಿದರೆ ಆಯಿತು. ಗೇಮ್‌ನಲ್ಲಿ ಹಾಗಲ್ಲ. ಆಡುವವನು ಆ ಬಾಗಿಲನ್ನು ತೆರೆಯಬಹುದು, ತೆರೆಯದೇ ಹೋಗಬಹುದು, ಇಲ್ಲವೇ ಅಲ್ಲೇ ನಿಂತು ಸುಮ್ನೆ ಇಪ್ಪತ್ತು ಸಲ ತೆರೆದು ಮುಚ್ಚಬಹುದು. ಹಾಗಾಗಿ ಸದ್ದು ತಯಾರಿಸುವುದು ಅರ್ಧ ಕೆಲಸ. ಅದು ಯಾವಾಗ, ಎಷ್ಟು ಜೋರಾಗಿ, ಹೇಗೆ ಬರಬೇಕು ಅಂತ ಗೇಮ್‌ಗೆ ಹೇಳಿಕೊಡುವುದು ಉಳಿದರ್ಧ. 1978ರ ಸ್ಪೇಸ್ ಇನ್ವೇಡರ್ಸ್ ಆಡಿ ನೋಡು. ಹಿನ್ನೆಲೆಯಲ್ಲಿ ಇರುವುದು ಬರೀ ನಾಲ್ಕು ದಪ್ಪ ಸ್ವರ, ಮತ್ತೆ ಮತ್ತೆ ಅವೇ. ಶತ್ರುಗಳು ಕಡಿಮೆಯಾಗಿ ಉಳಿದವು ಜೋರಾಗಿ ಓಡತೊಡಗಿದಂತೆ ಆ ಸ್ವರಗಳಿಗೂ ಅವಸರ ಹತ್ತುತ್ತದೆ, ಆಡುತ್ತಿರುವ ನಿನಗೂ ಹತ್ತುತ್ತದೆ. ಇವತ್ತಿನ ದೊಡ್ಡ ಗೇಮ್‌ಗಳಲ್ಲಿ ನಾವು ಮಾಡುವುದೂ ಮೂಲದಲ್ಲಿ ಇದನ್ನೇ.

ನಿನಗೆ ಒಂದೇ ಕೆಲಸ ಕೊಡುತ್ತೇನೆ. ಒಬ್ಬ ಮನುಷ್ಯ ನಡೆಯುವ ಸದ್ದು ಮಾಡು. ಒಂದೇ ಹೆಜ್ಜೆ ರೆಕಾರ್ಡ್ ಮಾಡಿ ಅದನ್ನೇ ಹಾಕುತ್ತಾ ಹೋದರೆ ಹತ್ತು ಹೆಜ್ಜೆಯೊಳಗೆ ಕಿವಿಗೆ ಗೊತ್ತಾಗಿಬಿಡುತ್ತದೆ, ನಡೆಯುತ್ತಿರುವುದು ಮನುಷ್ಯ ಅನ್ನಿಸುವುದೇ ಇಲ್ಲ. ಒಂದೊಂದು ಥರದ ನೆಲಕ್ಕೂ ಎಂಟ್ಹತ್ತು ಹೆಜ್ಜೆಯಾದರೂ ಬೇಕು. ನಿಮ್ಮ ಮನೆಯಲ್ಲಿ ಎಲ್ಲ ಇದೆಯಲ್ಲ: ಕಡಪ ಕಲ್ಲಿನ ನೆಲ, ಹಿತ್ತಲ ಒದ್ದೆ ಮಣ್ಣು, ಗೇಟಿನ ಹತ್ತಿರದ ಜಲ್ಲಿ, ಅಟ್ಟದ ಹಲಗೆ, ತೋಟದಲ್ಲಿ ಒಣಗಿ ಬಿದ್ದ ಅಡಿಕೆ ಸೋಗೆ. ಹಿಮದ ಮೇಲೆ ನಡೆಯಬೇಕಾ? ಕಾರ್ನ್‌ಫ್ಲೋರನ್ನು ಚೀಲಕ್ಕೆ ತುಂಬಿ ಹಿಚುಕು, ಸಿನಿಮಾಗೆ ಹೀಗೆ ಕೈಯಾರೆ ಸದ್ದು ಮಾಡುವ ಫೋಲಿ ಕಲಾವಿದರು ಬಹಳ ಕಾಲದಿಂದ ಮಾಡುತ್ತಿರುವುದು ಅದನ್ನೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ರೆಕಾರ್ಡ್ ಮಾಡು. ಫ್ಯಾನ್ ಆರಿಸು, ಫ್ರಿಜ್ ಪ್ಲಗ್ ತೆಗೆ, ಆಮೇಲೆ ಮರೆಯದೆ ಹಾಕು.

ಇನ್ನು ವೈಸ್ ಅಥವಾ ಎಫ್‌ಮಾಡ್ ತೆರೆ. ಸದ್ದಿಗೂ ಗೇಮನ್ನು ಓಡಿಸುವ ಗೇಮ್ ಎಂಜಿನ್‌ಗೂ ನಡುವೆ ಕೂರುವ ಸಾಫ್ಟ್‌ವೇರ್ ಇವು. ಹೆಜ್ಜೆಗಳನ್ನೆಲ್ಲ, ಪ್ರತಿ ಸಲ ತಾನೇ ಯಾವುದಾದರೂ ಒಂದನ್ನು ಆರಿಸಿ ನುಡಿಸುವ ರ‍್ಯಾಂಡಮ್ ಕಂಟೇನರ್‌ಗೆ ಹಾಕು, ಈಗಷ್ಟೇ ಬಂದದ್ದು ತಕ್ಷಣ ಮತ್ತೆ ಬರದ ಹಾಗೆ ನೋಡಿಕೋ, ಪಿಚ್ಚು (ಶ್ರುತಿ), ವಾಲ್ಯೂಮು ಪ್ರತಿ ಸಲ ಚೂರು ಆಚೀಚೆ ಆಗಲಿ. ನೆಲ ಬದಲಾದರೆ ಸದ್ದೂ ಬದಲಾಗಬೇಕು. ಓಡುವುದಕ್ಕೆ ಬೇರೆಯೇ ಸೆಟ್ ಬೇಕು. ದೂರ ಹೋದಂತೆ ಸದ್ದು ಸಣ್ಣದಾಗುವುದಷ್ಟೇ ಅಲ್ಲ, ಅದರ ಚೂಪು ಕೂಡ ಹೋಗಬೇಕು. ಕೊನೆಗೆ ಕಷ್ಟದ ಪ್ರಶ್ನೆ: ಮೂವತ್ತು ಜನ ಶತ್ರುಗಳು ಒಟ್ಟಿಗೆ ಓಡಿ ಬಂದಾಗ ಯಾರ ಹೆಜ್ಜೆ ಕೇಳಿಸಬೇಕು, ಯಾರದ್ದನ್ನು ಬಿಡಬೇಕು? ಹಿಂದಿನಿಂದ ಬರುತ್ತಿರುವವನದ್ದು ಕೇಳಲೇಬೇಕು, ಯಾಕೆಂದರೆ ಅವನು ಆಡುವವನ ಕಣ್ಣಿಗೆ ಕಾಣುತ್ತಿಲ್ಲ. ಈ ತೀರ್ಮಾನ ಮಾಡುವವರಿಗೇ ಸ್ಟುಡಿಯೋಗಳು ಸಂಬಳ ಕೊಡುವುದು. ಚೆಂದದ ಸದ್ದು ಮಾಡುವವರು ತುಂಬಾ ಜನ ಸಿಗುತ್ತಾರೆ, ಅದನ್ನು ತಾವೇ ಗೇಮ್ ಒಳಗೆ ಕೂರಿಸಿ ಸರಿಯಾಗಿ ಓಡಿಸುವವರು ಕಡಿಮೆ. ನಿನಗೆ ಕೋಡಿಂಗ್ ಬರುತ್ತದೆ. ಅದನ್ನು ಬಿಡಬೇಡ, ಅದೇ ನಿನ್ನ ದೊಡ್ಡ ಬಲ.

ಕಲಿಯಲು ದುಡ್ಡು ಜಾಸ್ತಿ ಬೇಡ. ಸದ್ದು ಎಡಿಟ್ ಮಾಡಲು ರೀಪರ್ ಇದೆ, 60 ದಿನ ಟ್ರಯಲ್, ಆಮೇಲೆ ಸ್ವಂತ ಬಳಕೆಗೆ 60 ಡಾಲರ್. ವೈಸ್ ಕಲಿಯುವವರಿಗೆ ಪುಕ್ಕಟೆ, ಅದರ ಮೊದಲ ಕೋರ್ಸ್ ಕೂಡ ಹಾಗೇ. ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸ್. ಒಂದು ಒಳ್ಳೆಯ ಹೆಡ್‌ಫೋನ್ ತಗೋ, ಅಷ್ಟು ಸಾಕು. ಅದರ ವಾಲ್ಯೂಮ್ ಕಡಿಮೆ ಇಟ್ಟುಕೋ, ಗಂಟೆಗೊಮ್ಮೆ ತೆಗೆದಿಡು. ಹೋದ ಕಿವಿ ವಾಪಸ್ ಬರುವುದಿಲ್ಲ ಅಭಿ, ಇದನ್ನು ಮಾತ್ರ ದಯವಿಟ್ಟು ಕೇಳು.

ಜನ ಸದ್ದು ಹಂಚಿಕೊಳ್ಳುವ ವೆಬ್‌ಸೈಟ್ ಫ್ರೀಸೌಂಡ್‌ನಲ್ಲಿ ಸಾವಿರಾರು ಸದ್ದು ಸಿಗುತ್ತವೆ, ಒಳ್ಳೆಯದೇ. ಆದರೆ ಪ್ರತಿಯೊಂದರ ಲೈಸೆನ್ಸ್ ಓದು. ಕೆಲವನ್ನು ಮಾರಾಟದ ಗೇಮ್‌ನಲ್ಲಿ ಹಾಕುವ ಹಾಗಿಲ್ಲ, ಕೆಲವಕ್ಕೆ ಮಾಡಿದವರ ಹೆಸರು ಹಾಕಲೇಬೇಕು. ಯಾವುದನ್ನು ಎಲ್ಲಿಂದ ತಂದೆ ಅಂತ ಮೊದಲ ದಿನದಿಂದಲೇ ಬರೆದಿಡು.

ಜನವರಿ ಕೊನೆಯಲ್ಲಿ ಗ್ಲೋಬಲ್ ಗೇಮ್ ಜ್ಯಾಮ್ ನಡೆಯುತ್ತದೆ, 2009ರಿಂದ ಪ್ರತಿ ವರ್ಷ. ಸೇರಿಕೋ. ಕೆಲವೇ ದಿನಗಳಲ್ಲಿ ಒಂದು ಪುಟ್ಟ ಗೇಮ್ ಮುಗಿಸಬೇಕು. ಅಲ್ಲಿ ಪ್ರೋಗ್ರಾಮರ್‌ಗಳಿಗೆ ಬರವಿಲ್ಲ, ಸೌಂಡ್ ಮಾಡುವವರು ಸಿಕ್ಕರೆ ಕರೆದು ಕೂರಿಸಿಕೊಳ್ಳುತ್ತಾರೆ. ಮುಂದೆ ಕೆಲಸ ಬಂದಾಗ ನೆನಪಿಸಿಕೊಳ್ಳುವುದು ಹೀಗೆ ಜೊತೆಗೆ ನಿದ್ದೆಗೆಟ್ಟವರೇ.

ಈ ಕೆಲಸವನ್ನು ನಂಬಿ ಬದುಕಬಹುದಾ ಅನ್ನುವ ಅಕ್ಕ, ಭಾವನ ಚಿಂತೆಯಲ್ಲೂ ಅರ್ಥವಿದೆ. ಎಷ್ಟೋ ಜನ ಚಿತ್ರಕಾರರಿರುವ ಟೀಮ್‌ನಲ್ಲೂ ಆಡಿಯೋಗೆ ಇಬ್ಬರೋ ಮೂವರೋ ಇರುತ್ತಾರೆ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದವು. ನಮ್ಮಲ್ಲಿ ಕೆಲಸ ಇರುವುದೂ ಹೆಚ್ಚಾಗಿ ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈ ಕಡೆಯೇ. ಹಾಗಾಗಿ ಡಿಗ್ರಿ ಮುಗಿಸು, ಬೇರೆ ಕೆಲಸ ಮಾಡುತ್ತಲೇ ಇದನ್ನು ಎರಡು ಮೂರು ವರ್ಷ ಬೆಳೆಸಬೇಕಾಗಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೋ. ಜ್ಯಾಮ್ ಬಿಟ್ಟು ಬೇರೆಲ್ಲೂ ಬಿಟ್ಟಿ ಕೆಲಸ ಮಾಡಬೇಡ. ಎಷ್ಟು ಸದ್ದು, ಎಷ್ಟು ಸಲ ತಿದ್ದಿಕೊಡಬೇಕು, ದುಡ್ಡು ಯಾವಾಗ, ಕ್ರೆಡಿಟ್‌ನಲ್ಲಿ ಹೆಸರು ಇರುತ್ತದಾ, ನಿನ್ನ ಕೆಲಸದ ಮಾದರಿ ತೋರಿಸುವ ರೀಲ್‌ನಲ್ಲಿ ತೋರಿಸಬಹುದಾ, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ ಪಡೆದುಕೋ. ಕೇಳಲು ಸಂಕೋಚ ಬೇಡ.

ಹೆಜ್ಜೆ ಸದ್ದು ಆದ ಮೇಲೆ ಗೇಮ್ ಓಡುತ್ತಿರುವುದನ್ನೇ ಒಂದು ನಿಮಿಷ ವಿಡಿಯೋ ಮಾಡಿ ಕಳಿಸು, ಎಲ್ಲೆಲ್ಲಿ ತಿದ್ದಬೇಕು ಅಂತ ಬರೆಯುತ್ತೇನೆ. ದೀಪಾವಳಿಗೆ ಬರುವಾಗ ನನ್ನ ಹಳೇ ರೆಕಾರ್ಡರ್ ತಂದುಕೊಡುತ್ತೇನೆ. ಅಲ್ಲಿವರೆಗೆ ಫೋನ್‌ನಲ್ಲೇ ಮಾಡು.

ಇಂತಿ,
ನಿನ್ನ ಚಿಕ್ಕಮ್ಮ