ನಿನ್ನ ಸ್ಕೋರ್ ಶೀಟ್ ನೋಡಿದೆ

ಲೀಡ್ಸ್
ಭಾನುವಾರ

ಪ್ರೀತಿಯ ಪುಟ್ಟನಿಗೆ,

ಅಕ್ಕನ ಆಶೀರ್ವಾದ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಭಾವನ ಕೆಮ್ಮು ಪೂರ್ತಿ ನಿಂತಿದೆ ಅಂತ ಅಮ್ಮನಿಗೆ ಹೇಳು, ಪಾಪ ಅವಳು ದಿನಾ ಅದನ್ನೇ ಕೇಳುತ್ತಾಳೆ.

ಅಕ್ಷರದ ಟೈಲ್ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ನಿಮ್ಮ ಕಾಲೇಜಿನ ಸ್ಕ್ರ್ಯಾಬಲ್ ಪಂದ್ಯದ್ದು ನೀನು ಕಳಿಸಿದ ಶೀಟಿನ ಫೋಟೋ ಸಿಕ್ಕಿತು. ಪ್ರತಿ ಸರದಿಯಲ್ಲೂ ಕೈಯಲ್ಲಿದ್ದ ಏಳು ಟೈಲ್ ಯಾವುವು ಅಂತ ಬರೆದಿಟ್ಟಿದ್ದೀಯಲ್ಲ, ಅದು ನೋಡಿ ತುಂಬಾ ಖುಷಿಯಾಯಿತು. ಎಷ್ಟೋ ಜನ ಬರೀ ಪಾಯಿಂಟ್ ಬರೆಯುತ್ತಾರೆ. ಪಾಯಿಂಟ್ ಮಾತ್ರ ಇದ್ದರೆ ಸೋತದ್ದು ಗೊತ್ತಾಗುತ್ತದೆ, ಯಾಕೆ ಸೋತದ್ದು ಅಂತ ಗೊತ್ತಾಗುವುದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅರ್ಧದಲ್ಲೇ ವಾದ ಶುರುಮಾಡುತ್ತೀಯ, ಅದಕ್ಕೆ ಕೂತು ಬರೆಯುತ್ತಿದ್ದೇನೆ.

31 ಪಾಯಿಂಟಿನಿಂದ ಸೋತೆ. ನಿನ್ನ ದೂರು ಎರಡು. ಯಾವ ಅಕ್ಷರವಾಗಿ ಬೇಕಾದರೂ ಇಡಬಹುದಾದ ಬ್ಲ್ಯಾಂಕ್ ಟೈಲ್ ಎರಡೂ ಎದುರಿನ ಹುಡುಗಿಗೇ ಹೋದವು. ಕೊನೆಯಲ್ಲಿ ಕ್ಯೂ ಅಕ್ಷರ ನಿನ್ನ ಕೈಗೆ ಬಂದು ಸಿಕ್ಕಿಹಾಕಿಕೊಂಡಿತು, ಅದೂ ನೀನೇ ಆ ಮೂಲೆಯ ಐ ಮೇಲಿನ ಜಾಗ ಮುಚ್ಚಿದ ಮೇಲೆ. 'ಆ ಜಾಗ ಮುಚ್ಚಬಾರದಿತ್ತು ಅಕ್ಕ' ಅಂತ ಮೂರು ಸಲ ಬರೆದಿದ್ದೀಯ.

ಬ್ಲ್ಯಾಂಕ್ ವಿಷಯ ಬಿಟ್ಟುಬಿಡು. ಚೀಲದಲ್ಲಿ ಇರುವ 100 ಟೈಲ್‌ಗಳಲ್ಲಿ ಬ್ಲ್ಯಾಂಕ್ ಎರಡೇ. ಇಬ್ಬರೂ ಅರ್ಧರ್ಧ ತೆಗೆದರೆ, ಹೆಚ್ಚೂಕಮ್ಮಿ ನಾಲ್ಕು ಆಟಕ್ಕೆ ಒಂದರಲ್ಲಿ ಎರಡೂ ಎದುರಿನವರ ಪಾಲಾಗುತ್ತವೆ. ಇನ್ನೊಂದರಲ್ಲಿ ಎರಡೂ ನಿನಗೇ ಬರುತ್ತವೆ. ಒಂದೊಂದು ಬ್ಲ್ಯಾಂಕ್ ಸುಮಾರು 25 ಪಾಯಿಂಟಿಗೆ ಸಮ ಅಂತ ಲೆಕ್ಕ ಹಾಕುತ್ತಾರೆ. ಆವತ್ತು ನಿನಗೆ ನಿಜವಾಗಲೂ ಅದೃಷ್ಟ ಇರಲಿಲ್ಲ, ಒಪ್ಪುತ್ತೇನೆ.

ಆದರೆ ಕ್ಯೂ ವಿಷಯದಲ್ಲಿ ನೀನು ನಿನ್ನನ್ನೇ ಬೈದುಕೊಳ್ಳುತ್ತಿರುವುದು ತಪ್ಪು. ಆ ಸರದಿಯನ್ನು ನಿಧಾನವಾಗಿ ನೋಡು. ಬಂದುಹೋದ ಟೈಲ್‌ಗಳನ್ನೆಲ್ಲ ನೀನು ಹೊಡೆದುಹಾಕಿದ್ದೀಯ, ಅದರಿಂದಲೇ ಈ ಲೆಕ್ಕ ಸಾಧ್ಯವಾಯಿತು. ನಿನ್ನ ಕಣ್ಣಿಗೆ ಕಾಣದೆ ಉಳಿದದ್ದು 9 ಟೈಲ್. ಅವಳ ರ‍್ಯಾಕಿನಲ್ಲಿ 7, ಚೀಲದಲ್ಲಿ 2. ಆ 9ರಲ್ಲಿ ಒಂದು ಕ್ಯೂ. ಅಂದರೆ ಕ್ಯೂ ಅವಳ ಕೈಯಲ್ಲಿ ಇರುವ ಸಾಧ್ಯತೆ 9ರಲ್ಲಿ 7. ಐ ಮೇಲಿನ ಜಾಗ ಖಾಲಿ ಬಿಟ್ಟರೆ ಅವಳು ಕ್ಯೂ-ಐ ಅನ್ನೋ ಎರಡಕ್ಷರದ ಪದ ಇಟ್ಟು ಆರಾಮಾಗಿ ಪಾಯಿಂಟ್ ತಗೊಂಡು ಹೋಗುತ್ತಿದ್ದಳು. ಅದನ್ನು ಮುಚ್ಚಿ ಎರಡು ಟೈಲ್ ಇಟ್ಟೆ. ಸರಿಯಾದ ಆಟ ಅದೇ. ಚೀಲದಿಂದ ಕ್ಯೂ ನಿನಗೇ ಬಂದದ್ದು 9ರಲ್ಲಿ 2ರ ಮಾತು. ಮುಂದಿನ ಸಲ ಇದೇ ಪರಿಸ್ಥಿತಿ ಬಂದರೂ ಮುಚ್ಚು. ಪ್ರತಿ ಸಲವೂ ಮುಚ್ಚು.

ಇನ್ನೊಂದು ಮಾತು. ಕ್ಯೂ ಕೈಯಲ್ಲೇ ಉಳಿದರೆ 20 ಪಾಯಿಂಟ್ ವ್ಯತ್ಯಾಸ ಆಗುತ್ತದೆ. ಅದನ್ನು ತೆಗೆದು ನೋಡಿದರೂ ನೀನು 11 ಹಿಂದಿದ್ದೆ.

ಈಗ ನೀನು ಒಂದು ಸಾಲೂ ಬರೆಯದೆ ಬಿಟ್ಟ ಸರದಿಗೆ ಬರುತ್ತೇನೆ. ಮೊದಲನೆಯದು. ನಿನ್ನ ಕೈಯಲ್ಲಿ ಇದ್ದದ್ದು ಎ, ಡಿ, ಇ, ಐ, ಎನ್, ಆರ್, ಎಸ್. ನೀನು ಇಟ್ಟದ್ದು 'ರೇನ್ಡ್', 18 ಪಾಯಿಂಟ್. ಶೀಟಿನಲ್ಲಿ ಆರು ಅಕ್ಷರ ಒಟ್ಟಿಗೆ ಬರೆದು, ಎಸ್ ಅನ್ನು ಸ್ವಲ್ಪ ದೂರ ಬರೆದು, ಅದರ ಸುತ್ತ ಒಂದು ಸುತ್ತು ಹಾಕಿದ್ದೀಯ. ಎಸ್ ಉಳಿಸಿದೆ ಅನ್ನೋ ಸಮಾಧಾನ ಅಲ್ಲಿ ಕಾಣುತ್ತದೆ. ಅದೇ ಏಳು ಅಕ್ಷರದಲ್ಲಿ 'ಸಾರ್ಡೀನ್' ಇದೆ ಪುಟ್ಟ! ನಮ್ಮ ಬೂತಾಯಿ ಮೀನು! ಏಳೂ ಟೈಲ್ ಒಂದೇ ಸಲ ಇಟ್ಟರೆ 50 ಬೋನಸ್, ಎಲ್ಲ ಸೇರಿ 68.

ಎಸ್ ಉಳಿಸುವ ಬುದ್ಧಿ ಒಳ್ಳೆಯದೇ. ಇಡೀ ಚೀಲದಲ್ಲಿ ಎಸ್ ಇರುವುದು ನಾಲ್ಕೇ. ಈ ಆಟ ಕಂಡುಹಿಡಿದವರು ಆಲ್ಫ್ರೆಡ್ ಬಟ್ಸ್ ಅಂತ ನ್ಯೂಯಾರ್ಕಿನ ಆರ್ಕಿಟೆಕ್ಟ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋದಾಗ ಪೇಪರ್ ಮುಂದೆ ಇಟ್ಟುಕೊಂಡು, ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದರಂತೆ. ಸುಮ್ನೆ ಕೊನೆಗೆ ಎಸ್ ಅಂಟಿಸಿಕೊಂಡು ಹೋದರೆ ಆಟ ಸಪ್ಪೆಯಾಗುತ್ತದೆ ಅಂತ ಅದನ್ನು ಬೇಕೆಂದೇ ಕಡಿಮೆ ಇಟ್ಟರು. ಹಾಗಾಗಿ ಎಸ್‌ಗೆ ಬೆಲೆ ಇದೆ. ಆದರೆ ಆ ಬೆಲೆ ಎಂಟು ಪಾಯಿಂಟಿನ ಆಸುಪಾಸು. ಎಂಟು ಉಳಿಸಲು ಐವತ್ತು ಬಿಟ್ಟೆ. ನಲವತ್ತಕ್ಕಿಂತ ಜಾಸ್ತಿ ಅಲ್ಲೇ ಹೋಯಿತು.

ಹಾಗಂತ 'ಅದನ್ನು ಇಟ್ಟಿದ್ದರೆ ನಾನೇ ಗೆಲ್ಲುತ್ತಿದ್ದೆ' ಅನ್ನಬೇಡ. ಮೊದಲ ಪದ ಬದಲಾದರೆ ಬೋರ್ಡೇ ಬದಲಾಗುತ್ತದೆ, ಮುಂದೆ ಬರುವ ಟೈಲ್‌ಗಳೂ ಬದಲಾಗುತ್ತವೆ. ಅಲ್ಲಿಂದ ಏನಾಗುತ್ತಿತ್ತೋ ಯಾರಿಗೂ ಹೇಳಲು ಆಗುವುದಿಲ್ಲ. ನಾವು ಹೇಳಬಹುದಾದದ್ದು ಇಷ್ಟೇ: ಆ ಹೊತ್ತಿನಲ್ಲಿ, ಆ ಏಳು ಅಕ್ಷರಕ್ಕೆ, ಅದಕ್ಕಿಂತ ಒಳ್ಳೆಯ ಪದ ಇತ್ತು. ಯಾಕೆ ಕಾಣಲಿಲ್ಲ ಅಂತ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಕೊನೆಗೆ ಇ-ಡಿ ಸಿಕ್ಕಿದ ತಕ್ಷಣ ಹುಡುಕುವುದು ನಿಲ್ಲಿಸಿದ್ದೀಯ. ಒಬ್ಬೊಬ್ಬರಿಗೆ 25 ನಿಮಿಷ ಇರುತ್ತದೆ. ಆಟ ಮುಗಿದಾಗ ನಿನ್ನ ಗಡಿಯಾರದಲ್ಲಿ 9 ನಿಮಿಷ ಹಾಗೇ ಇತ್ತಲ್ವಾ? ಅದರಲ್ಲಿ ಒಂದು ನಿಮಿಷ ಮೊದಲ ರ‍್ಯಾಕಿಗೆ ಕೊಟ್ಟಿದ್ದರೆ ಸಾಕಿತ್ತು.

ಮಧ್ಯದಲ್ಲಿ ಸ್ವರಗಳೇ ಬಂದವು ಅಂತ ಬರೆದಿದ್ದೀಯ. ಇದು ಅರ್ಧ ನಿಜ. ಚೀಲದಲ್ಲಿ ಸ್ವರಗಳು 42, ಹಾಗಾಗಿ ಏಳರಲ್ಲಿ ಮೂರು ಬರುವುದು ಮಾಮೂಲು. ನಿನಗೆ ಆರು ಬಂದವು: ಎ, ಎ, ಐ, ಐ, ಓ, ಯು, ಜೊತೆಗೆ ಒಂದು ಜಿ. ಅದು ಕೆಟ್ಟ ಅದೃಷ್ಟ. ಆಮೇಲೆ 'ಗೋ' ಇಟ್ಟು ಐದು ಸ್ವರ ಕೈಯಲ್ಲೇ ಇಟ್ಟುಕೊಂಡೆಯಲ್ಲ, ಅದು ನಿನ್ನ ಆಯ್ಕೆ. ಹೊಸದಾಗಿ ಬಂದದ್ದು ಎರಡೇ ಟೈಲ್. ಮುಂದಿನ ಸರದಿಯಲ್ಲೂ ಅದೇ ಗೋಳು ಆಗದೆ ಇನ್ನೇನು? ಚೀಲದಲ್ಲಿ ಏಳು ಟೈಲ್ ಇರುವ ತನಕ, ಪದ ಇಡುವ ಬದಲು ಕೈಯಲ್ಲಿರುವ ಟೈಲ್ ಬದಲಾಯಿಸಿಕೊಳ್ಳಬಹುದು. ಒಂದು ಸರದಿ ಸೊನ್ನೆ ಬರೆದುಕೊಳ್ಳಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮೂರು ಸರದಿ ಐದು, ಆರು, ಎಂಟು ಅಂತ ಬರೆದುಕೊಂಡದ್ದು ಅದಕ್ಕಿಂತ ದುಬಾರಿಯಾಯಿತು. ಅಜ್ಜಿ ಜೊತೆ ಚೌಕಾಬಾರ ಆಡುವಾಗ ಕವಡೆ ಹೇಗೆ ಬಿತ್ತು ಅಂತ ಅವಳು ಯಾವತ್ತೂ ಗೊಣಗುತ್ತಿರಲಿಲ್ಲ, ಯಾವ ಕಾಯಿ ನಡೆಸುವುದು ಅಂತಲೇ ನೋಡುತ್ತಿದ್ದಳು. ಇದೂ ಹಾಗೇ.

ಇನ್ನೊಂದು ಸರದಿಯಲ್ಲಿ ನೀನು ಇಟ್ಟ ಪದ ಡಿಕ್ಷನರಿಯಲ್ಲೇ ಇಲ್ಲ. ಅವಳು ಚಾಲೆಂಜ್ ಮಾಡಲಿಲ್ಲ, ನಿನಗೆ 30 ಸಿಕ್ಕಿತು. ಅದನ್ನೂ ತಪ್ಪಿನ ಪಟ್ಟಿಗೆ ಸೇರಿಸು, ಲಾಭ ಬಂದರೂ. ಗೊತ್ತಿದ್ದು ಧೈರ್ಯ ಮಾಡಿ ಇಡುವುದು ಬೇರೆ. ಅಮೆರಿಕದ ಪಂದ್ಯಗಳಲ್ಲಿ ತಪ್ಪಾಗಿ ಚಾಲೆಂಜ್ ಮಾಡಿದವರಿಗೆ ಸರದಿಯೇ ಹೋಗುತ್ತದೆ, ಹಾಗಾಗಿ ಅಲ್ಲಿ ಸುಳ್ಳು ಪದ ಇಡಲು ಧೈರ್ಯ ಜಾಸ್ತಿ. ನಮ್ಮ ಕ್ಲಬ್ಬಿನಲ್ಲಿ ಬರೀ 5 ಪಾಯಿಂಟ್ ದಂಡ, ಅನುಮಾನ ಬಂದರೆ ಯಾರೂ ಬಿಡುವುದಿಲ್ಲ.

ಇಲ್ಲಿ ಗುರುವಾರ ಸಂಜೆ ಆಡುತ್ತೇವೆ. ಆಟ ಮುಗಿದ ಮೇಲೆ ಯಾರೂ ತಕ್ಷಣ ಬೋರ್ಡ್ ಖಾಲಿ ಮಾಡುವುದಿಲ್ಲ. ಇಬ್ಬರೂ ಶೀಟ್ ತಿರುಗಿಸಿ ಇಟ್ಟು, 'ಇಲ್ಲಿ ನಿನ್ನ ಹತ್ತಿರ ಏನಿತ್ತು?' ಅಂತ ಶುರು. ನನಗೆ ಆಟಕ್ಕಿಂತ ಈ ಮಾತೇ ಇಷ್ಟ. ಮನೆಗೆ ಬಂದು ಕ್ವಾಕಲ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿ ನೋಡುತ್ತೇವೆ. ಒಂದೊಂದು ಪದ ಇಟ್ಟರೆ ಮುಂದೆ ಏನಾಗಬಹುದು ಅಂತ ಅದು ಬೇರೆ ಬೇರೆ ಟೈಲ್ ಕೊಟ್ಟುಕೊಂಡು ಸಾವಿರಾರು ಸಲ ಆಡಿ ಸರಾಸರಿ ಹೇಳುತ್ತದೆ. ಇದೇ ಕ್ವಾಕಲ್ 2006ರಲ್ಲಿ ಟೊರೊಂಟೊದಲ್ಲಿ, ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಡೇವಿಡ್ ಬಾಯ್ಸ್ ಅವರನ್ನು 3-2ರಿಂದ ಸೋಲಿಸಿತು. ಅಂಥ ಯಂತ್ರವೂ ಐದರಲ್ಲಿ ಎರಡು ಆಟ ಬಿಟ್ಟುಕೊಟ್ಟಿತು ನೋಡು. ನೈಜೆಲ್ ರಿಚರ್ಡ್ಸ್ ಐದು ಸಲ ಇಂಗ್ಲಿಷ್ ವಿಶ್ವ ಚಾಂಪಿಯನ್. ಫ್ರೆಂಚ್ ಮಾತಾಡಲು ಬಾರದಿದ್ದರೂ ಪದಗಳನ್ನು ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಕೂಡ ಆದರು. ಅವರೂ ಆಟ ಸೋಲುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಅಷ್ಟೊಂದು ಸುತ್ತು ಇಡುವುದೇ ಅದಕ್ಕೆ: ಒಂದು ಆಟದಲ್ಲಿ ಚೀಲ ಗೆಲ್ಲಿಸಬಹುದು, ಮೂವತ್ತು ಆಟದಲ್ಲಿ ಆಡುವವನೇ ಗೆಲ್ಲಬೇಕು.

ಈಗ ನನಗೆ ಬೇಕಾದದ್ದು ನೀನು ಗೆದ್ದ ಆಟಗಳ ಶೀಟ್. ಅವನ್ನು ಯಾಕೆ ಕಳಿಸಲಿಲ್ಲ? ಎರಡೂ ಬ್ಲ್ಯಾಂಕ್ ನಿನಗೇ ಬಂದ ಆಟ ಅವುಗಳಲ್ಲಿ ಇರಲೇಬೇಕು. ಅದನ್ನೇ ಮೊದಲು ನೋಡೋಣ. ಫೋಟೋ ತೆಗೆಯುವಾಗ ಬೆಳಕಿಗೆ ಹಿಡಿ, ಈ ಸಲ ಕೆಳಗಿನ ಎರಡು ಸಾಲು ಓದಲು ಕಷ್ಟವಾಯಿತು.

ಅಪ್ಪನಿಗೆ ಬಿಪಿ ಮಾತ್ರೆ ತಪ್ಪಿಸಬೇಡಿ ಅಂತ ಹೇಳು. ಅಪ್ಪ, ಅಮ್ಮ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ಅಕ್ಕ