ಪುಟ್ಟಿ, ಯಾರದ್ದು ಸರಿ ಅಂತ ಹೇಳೋಕೆ ಹೋಗಬೇಡ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಮೇಲಿನ ಮನೆಗೂ ಕೆಳಗಿನ ಮನೆಗೂ ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಪೈಪಿನ ವಿಷಯಕ್ಕೆ ಮಾತು ನಿಂತಿದೆ, ಯಾರೋ ರಾತ್ರಿ ಪೈಪ್ ಕತ್ತರಿಸಿದ್ದಾರೆ, ಒಬ್ಬರು ಆಗಲೇ ವಕೀಲರನ್ನು ನೋಡಿ ಬಂದಿದ್ದಾರೆ, ಇಷ್ಟರ ಮಧ್ಯೆ ಎರಡೂ ಮನೆಯ ಹೆಂಗಸರು ನಿನ್ನ ಹತ್ತಿರ ಬಂದು 'ಸಂಘದ ಲೆಕ್ಕ ಇಷ್ಟು ವರ್ಷ ಸರಿಯಾಗಿ ಬರೆದವಳು ನೀನು, ನೀನೇ ಕೂತು ಒಂದು ದಾರಿ ಮಾಡಿಕೊಡು' ಅಂದರಂತೆ. ಕೇಳಿ ಹೆಮ್ಮೆ ಆಯ್ತು. ಎರಡು ಕಡೆಯವರೂ ಒಬ್ಬರನ್ನೇ ನಂಬುವುದು ಸಣ್ಣ ಮಾತಲ್ಲ. ಆದರೆ ಕೊನೆಗೆ ನೀನೊಂದು ಕೇಳಿದೆ ನೋಡು, 'ದೊಡ್ಡಪ್ಪ, ಯಾರದ್ದು ಸರಿ ಅಂತ ಗೊತ್ತು ಮಾಡೋದು ಹೇಗೆ?' ಅಂತ. ಅದಕ್ಕೇ ಈ ಕಾಗದ.

ಅದನ್ನು ಗೊತ್ತು ಮಾಡಲು ನಿನ್ನನ್ನು ಕರೆದಿಲ್ಲ ಮಗಾ. ಅದು ಜಡ್ಜ್ ಕೆಲಸ. ಇಬ್ಬರೂ ತಮ್ಮ ಬಾಯಿಂದಲೇ 'ಹೀಗೆ ಮಾಡೋಣ' ಅನ್ನುವವರೆಗೆ ಜೊತೆಗೆ ಕೂರುವುದು ನಿನ್ನ ಕೆಲಸ. ಮಧ್ಯಸ್ಥಿಕೆ ಅಂದರೆ ಅಷ್ಟೇ. ಅಷ್ಟೇ ಅಂದೆ, ಆದರೆ ಅದು ತುಂಬಾ ಕಷ್ಟ.

ನಾನು ಚಿಕ್ಕವನಿದ್ದಾಗ ಊರಿನಲ್ಲಿ ಪಂಚಾಯ್ತಿ ಕೂರುತ್ತಿತ್ತು. ನಾಲ್ಕು ಜನ ದೊಡ್ಡವರು ಜಗಲಿ ಮೇಲೆ, ಉಳಿದವರು ಅಂಗಳದಲ್ಲಿ. ಹೆಂಗಸರು ಒಳಗೆ ಬಾಗಿಲ ಹಿಂದೆ. ಕೇರಿಯವರು ಇನ್ನೂ ದೂರ, ಕೊಟ್ಟಿಗೆ ಪಕ್ಕ. ದೊಡ್ಡವರು ತೀರ್ಮಾನ ಹೇಳುತ್ತಿದ್ದರು, ಕೆಳಗಿದ್ದವರು ತಲೆ ಆಡಿಸಬೇಕಿತ್ತು. ಒಪ್ಪದಿದ್ದರೆ ದಂಡ, ಇಲ್ಲ ಬಹಿಷ್ಕಾರ. ಈಗಲೂ ಕೆಲವರು 'ಆಗ ಎಷ್ಟು ಚೆನ್ನಾಗಿ ನ್ಯಾಯ ಆಗ್ತಿತ್ತು' ಅನ್ನುತ್ತಾರೆ. ಯಾರಿಗೆ ಚೆನ್ನಾಗಿತ್ತು? ಅದು ದಬ್ಬಾಳಿಕೆ, ಮಧ್ಯಸ್ಥಿಕೆ ಅಲ್ಲ. ಜಾತಿ ಮೀರಿ ಮದುವೆಯಾದವರಿಗೆ ಕಾಟ ಕೊಡುವ ಇಂಥ ಕಟ್ಟೆ ಪಂಚಾಯ್ತಿಗಳು ಪೂರ್ತಿ ಕಾನೂನುಬಾಹಿರ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ನೀನು ಜಗಲಿ ಮೇಲೆ ಕೂರಬೇಡ. ಎಲ್ಲರೂ ಒಂದೇ ಮಟ್ಟದಲ್ಲಿ, ಒಂದೇ ಚಾಪೆ ಮೇಲೆ ಕೂರಿ.

ನಿನಗೆ ನಾನು ಯಾವತ್ತೂ ಪೂರ್ತಿ ಹೇಳದ ಒಂದು ಕಥೆ ಇದೆ, ನಮ್ಮ ಕೋರ್ಟ್ ಕೇಸಿನದು. ಒಂದು ವರ್ಷ ಮಳೆ ಹಿಡಿಯುವ ಮುಂಚೆ ತೋಟದ ಅಂಚಿನ ಬಸಿಗಾಲುವೆ ಆಳ ಮಾಡಿಸಿದೆ. ಅದರ ನೀರು ಪಕ್ಕದ ಮನೆಯವರ ತೋಟದ ಮೂಲೆಗೆ ಇಳಿಯುತ್ತಿತ್ತು. ಅವರು ಮಣ್ಣು ಹಾಕಿ ಮುಚ್ಚಿದರು. ನಾನು ದಾವೆ ಹೂಡಿದೆ. ಇದ್ದದ್ದು ಇದ್ದ ಹಾಗೇ ಇರಲಿ ಅಂತ ಆದೇಶ ಆಯ್ತು, ಅಂದರೆ ಮುಚ್ಚಿದ ಕಾಲುವೆ ಮುಚ್ಚಿದ ಹಾಗೇ. ನೀರಿಗೆ ಆದೇಶ ಗೊತ್ತಾಗುತ್ತಾ? ನಮ್ಮ ತೋಟದಲ್ಲಿ ನಿಂತು ಎರಡು ಸಾಲು ಅಡಿಕೆ ಮರದ ಬೇರು ಕೊಳೆಸಿತು, ಆಮೇಲೆ ಬೇರೆ ದಾರಿ ಹುಡುಕಿಕೊಂಡು ಹೋಗಿ ಅವರ ದರೆ ಕುಸಿಯಿತು. ಹದಿನಾಲ್ಕು ವರ್ಷ ನಡೆಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಅದೇ ಸ್ಟಾಪಿನಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡದೆ ಪೇಟೆಗೆ ಹೋಗಿ, ಮುಂದಿನ ವಾಯಿದೆ ಬರೆದುಕೊಂಡು, ಸಂಜೆ ಅದೇ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಕೊನೆಗೆ ನಾನು ಗೆದ್ದೆ. ಡಿಕ್ರಿ ಪ್ರತಿ ಟ್ರಂಕಿನಲ್ಲಿದೆ. ಆ ಮಧ್ಯೆ ನಿನ್ನ ಅಜ್ಜಿ ತೀರಿಹೋದಳು. ಅವಳ ಕೈಯಲ್ಲಿ ಊಟ ಮಾಡಿ ಬೆಳೆದ ಆ ಮನುಷ್ಯ ಬೇಲಿ ಆಚೆ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದರು, ದಾಟಿ ಬರಲಿಲ್ಲ. ಬನ್ನಿ ಅಂತ ನಾನೂ ಕರೆಯಲಿಲ್ಲ.

ಎಷ್ಟೋ ವರ್ಷದ ಮೇಲೆ ಅವರಿಗೆ ಹುಷಾರಿಲ್ಲ ಅಂತ ನೋಡಲು ಹೋದೆ. ಅವತ್ತು ಅವರು ಹೇಳಿದ್ದು: 'ಕಾಲುವೆದಲ್ಲ ಮೇಷ್ಟ್ರೇ. ಅಗೆಸೋ ಮುಂಚೆ ಒಂದು ಮಾತು ಹೇಳಲಿಲ್ಲ ನೀವು. ನಮ್ಮ ತೋಟಕ್ಕೆ ನೀರು ಬಿಡ್ತಿದ್ದೀರಿ ಅಂತ ಕೆಲಸದಾಳಿನ ಬಾಯಲ್ಲಿ ಕೇಳಬೇಕಾಯ್ತು.' ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಯಾರೂ ಅವರ ಹತ್ತಿರ ಕೇಳಿರಲಿಲ್ಲ. ವಕೀಲರು ಕೇಳಲಿಲ್ಲ, ಅರ್ಜಿಯಲ್ಲಿ ಅದಕ್ಕೆ ಜಾಗ ಇಲ್ಲ. ನಾನೂ ಕೇಳಲಿಲ್ಲ. ಅವತ್ತಿನಿಂದ ಯಾರ ಜಗಳಕ್ಕೆ ಕರೆದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: 'ನಿಮಗೆ ಜಾಸ್ತಿ ನೋವಾಗಿದ್ದು ಯಾವುದು?' ನೀನೂ ಅದನ್ನೇ ಕೇಳು. ಕೇಳಿದ ಮೇಲೆ ಸುಮ್ನೆ ಕೂತಿರು. ಮಾತು ನಿಂತಾಗ ನೀನು ತುಂಬಿಸಲು ಹೋಗಬೇಡ, ಅವರು ಅಸಲಿ ವಿಷಯಕ್ಕೆ ಬರುವುದು ಆಗಲೇ.

ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ನೋಡು. ಒಂದು ಮನೆಯಲ್ಲಿ ಕಾಫಿ ಕುಡಿದರೆ ಇನ್ನೊಂದು ಮನೆಯಲ್ಲೂ ಕುಡಿ, ಇಲ್ಲ ಎರಡು ಕಡೆಯೂ ಬೇಡ ಅನ್ನು. ಇದು ಸಣ್ಣದು ಅನ್ನಿಸಬಹುದು, ಆದರೆ ಯಾರ ಅಡುಗೆಮನೆಯಲ್ಲಿ ಎಷ್ಟು ಹೊತ್ತು ಕೂತೆ ಅನ್ನೋದು ನಮ್ಮ ಊರಿನಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತಿರುತ್ತೆ. ಕೆಳಗಿನ ಮನೆಯಾಕೆ ನಿನ್ನ ಅಮ್ಮನ ಕಡೆ ಸಂಬಂಧ ಅಲ್ವಾ, ಅದನ್ನು ಮೇಲಿನ ಮನೆಯವರಿಗೆ ಮೊದಲೇ ನೇರವಾಗಿ ಹೇಳಿ 'ನಾನು ಕೂರಬಹುದಾ?' ಅಂತ ಕೇಳು. ಅವರು ಬೇಡ ಅಂದರೆ ಬೇಜಾರಿಲ್ಲದೆ ಬಿಟ್ಟುಬಿಡು. ಬೇರೆ ಬೇರೆಯಾಗಿ ಹೇಳಿದ ಮಾತು ನಿನ್ನಲ್ಲೇ ಇರಬೇಕು. ನಿನ್ನ ಅಮ್ಮನಿಗೂ ಹೇಳಬೇಡ, ನನಗೂ ಹೇಳಬೇಡ. ಕಾನೂನಿನ ಮಧ್ಯಸ್ಥಿಕೆಯಲ್ಲೂ ಹೀಗೇ, ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವ ಹಾಗಿಲ್ಲ.

ಒಟ್ಟಿಗೆ ಕೂರುವ ದಿನ ಮಾತು ಶುರುವಾಗುವ ಮುಂಚೆ ಎಲ್ಲರೂ ಅಬ್ಬಿ ಹತ್ತಿರ ಹತ್ತಿ ಹೋಗಿ. ಒಂದು ಬಕೆಟ್ ತಗೊಂಡು ಹೋಗು, ಇಪ್ಪತ್ತು ಲೀಟರಿನದು. ಮೇಲಿನ ಮನೆಯ ಹುಡುಗ ಬಕೆಟ್ ಹಿಡಿಯಲಿ, ಕೆಳಗಿನ ಮನೆಯ ಹುಡುಗ ಮೊಬೈಲಿನಲ್ಲಿ ಟೈಮ್ ನೋಡಲಿ. ನಲವತ್ತು ಸೆಕೆಂಡಿಗೆ ತುಂಬಿತು ಅಂದುಕೋ, ನಿಮಿಷಕ್ಕೆ 30 ಲೀಟರ್, ಗಂಟೆಗೆ 1,800, ದಿನಕ್ಕೆ 43,200 ಲೀಟರ್ ಆಯ್ತು. ಎರಡು ಮನೆಗೆ, ಎರಡು ಕೊಟ್ಟಿಗೆಗೆ ಅದು ಧಾರಾಳ, ತೋಟಕ್ಕೂ ಸ್ವಲ್ಪ ಉಳಿಯುತ್ತೆ. ನಾನು ನೋಡಿದ ಎಷ್ಟೋ ಅಬ್ಬಿ ಜಗಳದಲ್ಲಿ ನೀರು ಕಡಿಮೆ ಇರಲಿಲ್ಲ, ರಾತ್ರಿ ಹರಿದು ಹೋಗೋದನ್ನು ಹಿಡಿದಿಡಲು ತೊಟ್ಟಿ ಇರಲಿಲ್ಲ. ನಿಮ್ಮಲ್ಲಿ ಬೇರೆಯೇ ಇರಬಹುದು, ಅಳೆದು ನೋಡಿ. ತೊಟ್ಟಿ ಕಟ್ಟುವ ಮಾತು ಬಂದರೆ ಒಂದೇ ಮಟ್ಟದಲ್ಲಿ ಒಂದೇ ಅಳತೆಯ ಎರಡು ತೂತು ಇಡಿಸಿ, ಎರಡರ ನೀರೂ ಬಯಲಿಗೆ ಬಿದ್ದು ಬೇರೆ ಬೇರೆ ಸಣ್ಣ ತೊಟ್ಟಿಗೆ ಇಳಿಯಲಿ. ದೊಡ್ಡ ತೊಟ್ಟಿಗೆ ಪೈಪ್ ನೇರವಾಗಿ ಸಿಕ್ಕಿಸಿದರೆ ಕೆಳಗಿನ ಮನೆಗೆ ಎಳೆತ ಜಾಸ್ತಿ, ಮೇಲಿನವರಿಗೆ ಮತ್ತೆ ಅನುಮಾನ. ಆದರೆ ಇದನ್ನು ನೀನಾಗಿ ಹೇಳಬೇಡ. ಅವರು ಕೇಳಿದರೆ ಹೇಳು. ತಾವೇ ಕಂಡುಕೊಂಡ ದಾರಿಯನ್ನು ಜನ ಕಾಯುತ್ತಾರೆ.

ಹೆಂಗಸರಿಗೆ ಮೊದಲು ಮಾತಾಡಲು ಬಿಡು. ಪೈಪ್ ಒಣಗಿದ ದಿನ ಕೊಡ ಹೊತ್ತವರು ಯಾರು? ಗಂಡಸರು ಸರ್ವೆ ನಂಬರ್, ಅಜ್ಜನ ಕಾಲದ ಹಕ್ಕು ಅಂತ ಶುರು ಮಾಡುತ್ತಾರೆ, ಅದು ಮುಗಿಯೋದೇ ಇಲ್ಲ. ಇನ್ನೊಂದು, ಅಬ್ಬಿಯ ಕೆಳಗೆ ಕೇರಿಯ ನಾಲ್ಕು ಮನೆಗಳೂ ಆ ಹಳ್ಳದ ನೀರನ್ನೇ ಹಿಡಿಯುತ್ತವೆ ಅಲ್ವಾ? ಅವರನ್ನು ಕರೆಯದೆ ಇವರಿಬ್ಬರೇ ನೀರು ಹಂಚಿಕೊಂಡರೆ ಅದು ರಾಜಿ ಅಲ್ಲ. ಅಬ್ಬಿ ಇರೋದು ಕಾಡಿನ ಜಾಗ ಆದರೆ ಅದನ್ನೂ ನೆನಪಿನಲ್ಲಿಡು, ಸರ್ಕಾರದ ಜಾಗದ ಹಕ್ಕನ್ನು ನಮ್ಮ ರಾಜಿ ಕಾಗದದಲ್ಲಿ ಹಂಚಲು ಬರುವುದಿಲ್ಲ.

ಯಾರಾದರೂ ಸಿಟ್ಟಿನಲ್ಲಿ 'ನಡೀರಿ ಸಿಗಂದೂರಿಗೆ, ದೇವಿ ಮುಂದೆ ಆಣೆ ಮಾಡಿ' ಅಂದೇ ಅನ್ನುತ್ತಾರೆ. ನಮ್ಮ ಕಡೆ ತೋಟಕ್ಕೆಲ್ಲ ಚೌಡೇಶ್ವರಿಯ ಕಾವಲಿದೆ ಅಂತ ಬೋರ್ಡ್ ಹಾಕುವ ಜನ, ಆ ಮಾತನ್ನು ಹಗುರ ಮಾಡಬೇಡ. ಹಾಗಂತ ಗಾಡಿ ಹತ್ತಿಸಲೂ ಬೇಡ. 'ನನ್ನ ಮಾತನ್ನು ಇಲ್ಲಿ ಯಾರೂ ನಂಬ್ತಿಲ್ಲ' ಅನ್ನೋದನ್ನೇ ಅವರು ಹಾಗೆ ಹೇಳುತ್ತಿರುತ್ತಾರೆ. 'ಯಾವ ಮಾತು ನಂಬಬೇಕಿತ್ತು, ನನಗೆ ಹೇಳಿ' ಅಂತ ಕೇಳು.

ಈಗ ಕಾನೂನು. 2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಅಂತಲೇ ಬಂದಿದೆ, ಅದರಲ್ಲಿ ಊರಿನ ಶಾಂತಿ ಕೆಡಿಸುವಂಥ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆ ಅನ್ನುವ ಒಂದು ಭಾಗವೇ ಇದೆ. ಕಾಯ್ದೆಯ ಎಲ್ಲ ಭಾಗಗಳೂ ಒಟ್ಟಿಗೆ ಜಾರಿಗೆ ಬಂದಿಲ್ಲ, ಹಾಗಾಗಿ ಈ ಭಾಗ ಜಾರಿಯಲ್ಲಿದೆಯಾ ಅಂತ ಮೊದಲು ವಿಚಾರಿಸಿಕೋ. ಅದರಲ್ಲಿ ಬರೆದಿರುವ ಪ್ರಕಾರ ಇಬ್ಬರ ಒಪ್ಪಿಗೆ ಮೊದಲೇ ಇರಬೇಕು, ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು, ಮೂವರು ಮಧ್ಯಸ್ಥಗಾರರು ಕೂರುತ್ತಾರೆ. ಆದರೆ ಅಲ್ಲಿ ಬರೆದ ರಾಜಿಗೂ ಕೋರ್ಟ್ ಡಿಕ್ರಿಯ ಬಲ ಇಲ್ಲ ಅಂತ ಕಾಯ್ದೆಯೇ ಹೇಳುತ್ತದೆ. ನೀನು ಬರೆಸುವ ಕಾಗದಕ್ಕಂತೂ ಇಲ್ಲವೇ ಇಲ್ಲ. ಅದನ್ನು ಇಬ್ಬರಿಗೂ ಮೊದಲೇ ಹೇಳು, ಆಮೇಲೆ ಮೋಸ ಆಯ್ತು ಅನ್ನಬಾರದು. ಬಲ ಬೇಕು ಅಂದರೆ ಒಪ್ಪಿಕೊಂಡಿದ್ದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ತಗೊಂಡು ಹೋಗಿ ಲೋಕ ಅದಾಲತ್‌ನಲ್ಲಿ ಇಡಬಹುದು. ಕೇಸ್ ಹಾಕಿರಲೇಬೇಕು ಅಂತಿಲ್ಲ, ದಾವೆಗೆ ಮುಂಚಿನ ವ್ಯಾಜ್ಯವನ್ನೂ ತೆಗೆದುಕೊಳ್ಳುತ್ತಾರೆ. ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲೂ ಇಲ್ಲ. ಅಪೀಲು ಇಲ್ಲ ಅನ್ನೋದಕ್ಕೇ, ಸಹಿ ಹಾಕುವ ಮುಂಚೆ ಎರಡು ದಿನ ಯೋಚನೆ ಮಾಡಲು ಬಿಡು. ಏನಾದರೂ ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡು, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ದುಡ್ಡಿಲ್ಲ. ಆಗಲೇ ಯಾರಾದರೂ ದಾವೆ ಹಾಕಿಬಿಟ್ಟರೂ ಬಾಗಿಲು ಮುಚ್ಚುವುದಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಪ್ರಕಾರ ಕೋರ್ಟೇ ಮಧ್ಯಸ್ಥಿಕೆಗೆ ಕಳಿಸಬಹುದು. ವಕೀಲರನ್ನು ಶತ್ರು ಮಾಡಿಕೊಳ್ಳಬೇಡ, ಒಳ್ಳೆಯ ವಕೀಲರು ಎಷ್ಟೋ ಸಲ ತಾವೇ ರಾಜಿ ಮಾಡಿಸುತ್ತಾರೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಮ್ಮೆ ಹೆಸರು ಬಂದರೆ ಎಲ್ಲದಕ್ಕೂ ನಿನ್ನನ್ನೇ ಕರೆಯುತ್ತಾರೆ. ಗಂಡ ಹೊಡೆದ, ಮಗುವಿಗೆ ಯಾರೋ ಕೆಟ್ಟದ್ದು ಮಾಡಿದ, ಜಾತಿ ಹಿಡಿದು ಬೈದು ಬಾವಿಯಿಂದ ಓಡಿಸಿದರು, ಇಂಥದ್ದು ಬಂದರೆ ಚಾಪೆ ಹಾಸಬೇಡ. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಎದುರು ಬದುರು ಕೂರಿಸಿ 'ಹೊಂದಿಕೊಂಡು ಹೋಗಿ' ಅನ್ನುವುದು ಪಾಪ. 112, ಹೆಂಗಸರಿಗೆ 181, ಮಕ್ಕಳಿಗೆ 1098. ನಂಬರ್ ಒತ್ತಿ ಕೊಡು, ಜೊತೆಗೆ ಹೋಗು.

ರಾಜಿ ಆಗದೇನೂ ಹೋಗಬಹುದು. ಮೂರು ಸಲ ಕೂತ ಮೇಲೂ ಆಗದಿದ್ದರೆ ನಿನ್ನ ತಪ್ಪು ಅಂತ ಅಳಬೇಡ. ಕೋರ್ಟ್ ಇರೋದು ಅದಕ್ಕೇ. ಆದರೂ ಒಂದು ಸಲ ಎದುರು ಕೂತು ಮಾತಾಡಿದವರು ಬಸ್ ಸ್ಟಾಪಿನಲ್ಲಿ ಮುಖ ತಿರುಗಿಸುವುದಿಲ್ಲ, ಅಷ್ಟಾದರೂ ಉಳಿಯುತ್ತೆ.

ಕಾಗದ ಬರೆಯುವಾಗ ಅವರ ಮಾತಿನಲ್ಲೇ ಬರಿ. 'ಉಭಯ ಪಕ್ಷಗಾರರು' ಅಂತೆಲ್ಲ ಬೇಡ. ಯಾವ ತಿಂಗಳು ಯಾರಿಗೆ ಎಷ್ಟು ಹೊತ್ತು ನೀರು, ಪೈಪ್ ಒಡೆದರೆ ರಿಪೇರಿ ಯಾರದ್ದು, ಹಂದಿ ಪೈಪ್ ಕಿತ್ತರೆ ಯಾರು ಮೊದಲು ಯಾರಿಗೆ ಫೋನ್ ಮಾಡಬೇಕು, ಅಲ್ಲಿಯವರೆಗೂ ಬರೆಸು. ಪೂರ್ತಿ ಓದಿ ಹೇಳು, ಎರಡು ಮನೆಗೂ ಒಂದೊಂದು ಪ್ರತಿ ಕೊಡು.

ಭಾನುವಾರ ನಾನು ಬರುವುದಿಲ್ಲ. ನಾನು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನಿನ್ನದಲ್ಲ. ಶನಿವಾರ ಸಂಜೆ ಬಸ್ಸಿಗೆ ಬಾ, ನಮ್ಮ ಮನೆಯ ಗಟ್ಟಿ ಬಕೆಟ್ ಇದೆ, ಒಳಗೆ ಲೀಟರಿನ ಗೆರೆ ಇರುವಂಥದ್ದು, ತಗೊಂಡು ಹೋಗು.

ಇತಿ,
ನಿನ್ನ ದೊಡ್ಡಪ್ಪ